ನೊಣಗಳಿಗೆ ರವೆ ಕಾಸುವ ಅಂಜಮ್ಮ

ಆಷಾಢದ ಗಾಳಿ ಕಾಲೇಜಿನ ಹೊಂಗೆಮರಗಳನ್ನು ಅಲುಗಿಸುತ್ತಿದೆ. ಬಸವನಗುಡಿಯಲ್ಲಿ ಹಾಲಿನವರನ್ನು ಬಿಟ್ಟರೆ ಇನ್ನೂ ಯಾರೂ ಎದ್ದ ಹಾಗಿಲ್ಲ. ವಿಜ್ಞಾನ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಹಿಂದಿನ ಕೋಣೆಯಲ್ಲಿ ಮಾತ್ರ ಒಲೆ ಉರಿಯುತ್ತಿದೆ. ಅಟೆಂಡರ್ ಅಂಜಮ್ಮ ದೊಡ್ಡ ಪಾತ್ರೆಯಲ್ಲಿ ಬೆಲ್ಲದ ನೀರು ಕುದಿಸಿ, ಗಂಟಾಗದಂತೆ ರವೆ ಉದುರಿಸುತ್ತಾ ತಿರುವುತ್ತಿದ್ದಾರೆ. ಘಮಕ್ಕೆ ಯಾರದೋ ಮನೆಯ ಕೇಸರಿಬಾತ್ ಎನಿಸಬೇಕು. ಬೂಷ್ಟು ಹಿಡಿಯದಿರಲೆಂದು ಘಾಟು ಆಮ್ಲವನ್ನು ಒಂದಿಷ್ಟು ಸುರಿದಾಗ ಆ ಆಸೆ ಹೋಗುತ್ತದೆ. ಇದು ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣಗಳ ಊಟ.

"ಮನೇಲಿ ಉಪ್ಪಿಟ್ಟು ತಳ ಹತ್ತಿದ್ರೆ ಮಕ್ಕಳು ಕೂಗಾಡ್ತವೆ. ಇವು ಬಾಯಿ ಬಿಡಲ್ಲ. ಸುಮ್ನೆ ಮೊಟ್ಟೆ ಇಡೋದು ನಿಲ್ಲಿಸ್ಬಿಡ್ತವೆ" ಎನ್ನುತ್ತಾರೆ.

ಅವರು ಶಿಡ್ಲಘಟ್ಟದ ಕಡೆಯವರು, ರೇಷ್ಮೆ ಸಾಕುತ್ತಿದ್ದ ಮನೆಯ ಮಗಳು. ಮದುವೆಯಾಗಿ ಚಾಮರಾಜಪೇಟೆಗೆ ಬಂದರು. ಇಲ್ಲೇ ಅಟೆಂಡರ್ ಆಗಿದ್ದ ಗಂಡ ಅಪ್ಪಯ್ಯ ತೀರಿಕೊಂಡ ಮೇಲೆ ಕೆಲಸ ಇವರಿಗೆ ಬಂತು. "ನೊಣ ಸಾಕ್ಬೇಕು ಅಂದ್ರು. ಅಷ್ಟು ದುಃಖದಲ್ಲೂ ನಗು ಬಂತು. ಊರಲ್ಲಿ ಹುಳ, ಇಲ್ಲಿ ನೊಣ."

ಕಪಾಟಿನ ಬಾಟಲಿಗಳಲ್ಲಿ ಒಂದು ತಳಿ ಉಳಿದವಕ್ಕಿಂತ ಹೆಚ್ಚು ದಿನ ಬದುಕುತ್ತದೆ. ಪೀಳಿಗೆಯಿಂದ ಪೀಳಿಗೆಗೆ ಆರಿಸಿ ಬೆಳೆಸಿದ್ದು, ಬೇರೆಲ್ಲೂ ಸಿಗದು. ಅದರ ಮುಪ್ಪನ್ನು ಪ್ರಾಣಿಶಾಸ್ತ್ರದವರು ನೋಡುತ್ತಾರೆ, ಮೈಯೊಳಗಿನ ಬದಲಾವಣೆಯನ್ನು ರಸಾಯನಶಾಸ್ತ್ರದವರು ಅಳೆಯುತ್ತಾರೆ. ಗಾಜಿನ ಗೋಡೆ ಹತ್ತುವ ವೇಗ ಹಿಡಿಯಲು ಭೌತಶಾಸ್ತ್ರದವರು ಕ್ಯಾಮೆರಾ ಜೋಡಿಸಿದ್ದಾರೆ. ಮೂರೂ ವಿಭಾಗಗಳ ನಡುವೆ ಓಡಾಡುವ ಧೃತಿ ಎಂಬ ವಿದ್ಯಾರ್ಥಿನಿಯ ಪಿಎಚ್.ಡಿ. ನಿಂತಿರುವುದೇ ಈ ತಳಿಯ ಮೇಲೆ. ಕಳೆದ ತಿಂಗಳು ಅದು ಇನ್ನೇನು ಕೈಬಿಟ್ಟು ಹೋಗುವುದರಲ್ಲಿತ್ತು.

ರವೆ ಕಾಸಿದ ಮೇಲೆ ಕಿಟಕಿ ತೆರೆದಿಡುವುದು ಇಲ್ಲಿನ ರೂಢಿ. ಹಬೆ ಬಾಟಲಿಯೊಳಗೆ ನೀರಾಗಿ ಇಳಿದರೆ ನೊಣ ಅಂಟಿಕೊಂಡು ಸಾಯುತ್ತವೆ. ಅಂದೂ ಹಾಗೇ ಕಿಟಕಿ ತೆರೆದಿಟ್ಟು ಅಂಜಮ್ಮ ಪಕ್ಕದ ಕಟ್ಟಡಕ್ಕೆ ಹೋದರು. ಅಷ್ಟರಲ್ಲಿ ಸೊಳ್ಳೆಗೆ ಹೊಗೆ ಬಿಡುವ ಗಾಡಿ ಬೀದಿಗೆ ಬಂತು. ಮರಳಿ ಬಂದಾಗ ಕೋಣೆಯೆಲ್ಲಾ ಹೊಗೆ; ಬಾಟಲಿಗಳ ತಳದಲ್ಲಿ ಎಳ್ಳು ಚೆಲ್ಲಿದ ಹಾಗೆ ಸತ್ತ ನೊಣ.

"ಆ ಮಗು ವರ್ಷಗಟ್ಟಲೆ ಕೂತು ಮಾಡಿದ್ದನ್ನ ಒಂದು ಕಿಟಕೀಲಿ ಕಳೆದ್ಬಿಟ್ನಲ್ಲ ಅನ್ನಿಸ್ತು."

ಗಾಜಿಗೆ ಅಂಟಿದ ಕೋಶಗಳಲ್ಲಿ, ರೆಕ್ಕೆ ಮೂಡಲು ಕಾದಿರುವ ನೊಣಗಳಿಗೆ ಇನ್ನೂ ಜೀವ ಇರಬಹುದು ಎಂದವರು ವಿಭಾಗದ ಮುಖ್ಯಸ್ಥ ದೊರೆಸ್ವಾಮಿ. ಆದರೆ ಹಳೆಯ ಊಟಕ್ಕೆ ವಿಷ ತಾಗಿತ್ತು. ಅಂಜಮ್ಮ ಹೊಸದಾಗಿ ರವೆ ಕಾಸಿದರು. ಧೃತಿಯ ಜೊತೆ ಕೂತು, ಒದ್ದೆ ಕುಂಚದಿಂದ ಒಂದೊಂದೇ ಕೋಶವನ್ನು ಎಬ್ಬಿಸಿ ಹೊಸ ಬಾಟಲಿಗೆ ಇಳಿಸಿದರು. ಅಕ್ಕಿಕಾಳಿಗಿಂತ ಚಿಕ್ಕದು, ಸ್ವಲ್ಪ ಒತ್ತಿದರೂ ಒಡೆಯುತ್ತದೆ.

ನೊಣ ಕೋಶ ಬಿಟ್ಟು ಬರುವುದು ಹೆಚ್ಚಾಗಿ ಬೆಳಗಿನ ಜಾವ. ಮರುದಿನ ಏನೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ಬೆಳಗ್ಗೆ ಕಾವಲುಗಾರನನ್ನು ಎಬ್ಬಿಸಿ ಒಳಗೆ ಹೋದ ಅಂಜಮ್ಮನಿಗೆ ಮುದುಡಿದ ರೆಕ್ಕೆಯ ಬಿಳಿಚು ಮರಿಯೊಂದು ಗಾಜು ಹತ್ತುವುದು ಕಂಡಿತು. ಧೃತಿಗೆ ಫೋನ್ ಮಾಡಿದರು: "ಬಂತು ಕಣಮ್ಮಾ, ಒಂದು ಬಂತು! ಇನ್ನೊಂದು ತಲೆ ಹಾಕ್ತಿದೆ, ಬೇಗ ಬಂದ್ಬಿಡು!" ಶಂಕರಪುರಂನಿಂದ ಆ ಹುಡುಗಿ ತಲೆಯನ್ನೂ ಬಾಚದೆ ಓಡಿಬಂದಳು. ಈಗ ಕಪಾಟು ಮತ್ತೆ ತುಂಬಿದೆ.

ರಸಾಯನಶಾಸ್ತ್ರದ ಅಟೆಂಡರ್ ಶೀನಣ್ಣ ಬಾಗಿಲಲ್ಲಿ ನಿಂತು ರೇಗಿಸುತ್ತಾರೆ: "ಮಕ್ಕಳಾಗ್ಲಿ ಅಂತ ಹರಕೆ ಹೊರೋರನ್ನ ನೋಡಿದೀನಿ. ನೊಣ ಆಗ್ಲಿ ಅಂತ ಹೊತ್ತೋರು ಬೆಂಗ್ಳೂರಿಗೆ ನೀವೊಬ್ರೇ ಅಂಜಮ್ಮ."

"ತಂಬಿಟ್ಟು ತಿನ್ನೋವಾಗ ನೊಣದ ಹರಕೇದು ಅಂತ ನೆನಪಾಗ್ಲಿಲ್ವಾ ಶೀನಣ್ಣ?"

ಆ ಹರಕೆಯನ್ನು ಹೋದ ಮಂಗಳವಾರ ತಮ್ಮ ಬೀದಿಯ ಅಮ್ಮನ ಗುಡಿಯಲ್ಲಿ ತಂಬಿಟ್ಟಿನ ಆರತಿ ಬೆಳಗಿ ತೀರಿಸಿದ್ದಾರೆ. ಮನಸ್ಸು ಹಗುರವಾಯಿತೇ ಎಂದರೆ, ಬಾಟಲಿಯ ಬಾಯಿಗೆ ಹತ್ತಿ ತುರುಕುತ್ತಾ ಹೇಳುತ್ತಾರೆ:

"ಅಮ್ಮನ ಸಾಲ ತೀರ್ತು. ಧೃತೀದು ತೀರಿಲ್ಲ. ಕಿಟಕಿ ತೆಗೆದಿಟ್ಟೋಳು ನಾನು. ಇವತ್ತಿನವರೆಗೂ ಒಂದು ಮಾತು ಅಂದಿಲ್ಲ ಆ ಹುಡುಗಿ. ಬೈದಿದ್ರೆ ತೀರೋಗ್ತಿತ್ತು."