ಸಾಕ್ಷಿ ಹೇಳಿದ ಮೇಣ

ಮೊನ್ನೆ ಹಳೆಯ ಆಂಪ್ಲಿಫೈಯರೊಂದರ ಮುಚ್ಚಳ ಬಿಚ್ಚಿದಾಗ ಮೇಣದಬತ್ತಿಯ ವಾಸನೆ ಬಂದಂತಾಯಿತು. ಇಷ್ಟು ವರ್ಷ ವಾಸನೆ ಉಳಿಯುತ್ತದೆಯೇ ಎಂದು ನೀವು ಕೇಳಬಹುದು. ನನಗೂ ಅನುಮಾನವೇ, ನನ್ನ ಮೂಗು ನನ್ನ ನೆನಪಿಗಿಂತ ಹೆಚ್ಚು ನಂಬಲರ್ಹವೇನಲ್ಲ.

ಅದು ಬನಹಟ್ಟಿಯ ಪಾರೀಸಣ್ಣ ಕಾಕಾ ಕಟ್ಟಿದ್ದು. ಮಗ್ಗಗಳ ಸದ್ದಿನ ಓಣಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಅವರಿಗೆ ಹವ್ಯಾಸಿ ರೇಡಿಯೊ ಲೈಸೆನ್ಸ್ ಇತ್ತು. ಆ ಮಳೆಗಾಲ ಹೊಳೆ ಏರಿ ಫೋನುಗಳೆಲ್ಲ ಸತ್ತಿದ್ದವು. ಹಾವು ಕಡಿದ ಹೆಂಗಸೊಬ್ಬಳು ಆಸ್ಪತ್ರೆಯಲ್ಲಿದ್ದಳು, ಇಂಜೆಕ್ಷನ್ ಮುಗಿದಿತ್ತು. ಬಾಗಲಕೋಟೆಯಲ್ಲಿದ್ದ ಕಾಕಾರ ರೇಡಿಯೊ ಗೆಳೆಯನಿಗೆ ಕೂಡಲೇ ದನಿ ಮುಟ್ಟಬೇಕಿತ್ತು. ಗುಡುಗಿನ ಗದ್ದಲದಲ್ಲಿ, ದನಿಗೆ ಬಲ ಕೊಡುವ ಈ ಆಂಪ್ಲಿಫೈಯರ್ ಇಲ್ಲದೆ ಅದು ಮುಟ್ಟುವಂತಿರಲಿಲ್ಲ.

ಆಗಷ್ಟೇ ಎಂ.ಎಸ್ಸಿ. ಮುಗಿಸಿದ್ದ ನಾನು ಅದರ ಮುಚ್ಚಳದ ಮತ್ತು ಒಳಗಿನ ತಂತಿಸುರುಳಿಯ, ಅಂದರೆ ಕಾಯಿಲಿನ, ಹಸಿರುಗಟ್ಟಿದ ಹಿತ್ತಾಳೆ ಸ್ಕ್ರೂಗಳನ್ನು ತೆಗೆದು, ಜಮಖಂಡಿಯಿಂದ ತಂದ ಸ್ಟೇನ್‌ಲೆಸ್ ಸ್ಟೀಲಿನವನ್ನು ಹಾಕತೊಡಗಿದ್ದೆ.

“ಇವಕ್ಕ ಜಂಗ್ ಹಿಡಿಯಂಗಿಲ್ಲ ಕಾಕಾ. ಮ್ಯಾಗ್ನೆಟ್ಟೂ ಹತ್ತಂಗಿಲ್ಲ ನೋಡ್ರಿ.”

“ಮುಚ್ಚಳಕ್ಕ ಛಲೋನ. ಕಾಯಿಲಿಗೆ?”

“ಒಂದು ಸ್ಕ್ರೂನಿಂದ ಏನ್ ಆಕ್ಕೈತ್ರಿ?”

“ನೀ ಪುಸ್ತಕಕ್ಕ ಕೇಳೀದಿ ತಮ್ಮಾ. ನಾ ಮೇಣಕ್ಕ ಕೇಳ್ತೀನಿ.”

ಕಾಯಿಲಿನ ಒಂದು ತುದಿಗೆ ನನ್ನ ಸ್ಟೀಲು, ಇನ್ನೊಂದಕ್ಕೆ ಅವರ ಹಿತ್ತಾಳೆ. ಎರಡರ ಮೇಲೂ ಮೇಣದ ಹನಿ ಬೀಳಿಸಿ, ಆಂಟೆನಾದ ಬದಲು ಜೋಡಿಸಿದ ದೊಡ್ಡ ಬಲ್ಬೊಂದಕ್ಕೆ ಆಂಪ್ಲಿಫೈಯರಿನ ಪವರ್ ಕೊಟ್ಟು, ಐದು ನಿಮಿಷದ ಮೇಲೆ ಬಂದ್ ಮಾಡಿ ನೋಡಿದರು. ಹಿತ್ತಾಳೆಯ ಮೇಲಿನ ಹನಿ ಹಾಗೇ ಇತ್ತು. ಸ್ಟೀಲಿನ ಮೇಲಿನದು ಕರಗಿ ಇಳಿದಿತ್ತು.

“ನಿನ್ನ ಸ್ಟೀಲು ನನ್ನ ದನಿ ತಿನ್ನಾಕತ್ತೈತಲೇ.”

ರೇಡಿಯೊ ಕರೆಂಟು ಲೋಹದ ಮೈಮೇಲಷ್ಟೇ ಹರಿಯುತ್ತದೆ, ಸ್ಟೇನ್‌ಲೆಸ್ ಅದಕ್ಕೆ ಕೆಟ್ಟ ದಾರಿ, ದನಿಯಾಗಬೇಕಾದದ್ದು ಅಲ್ಲೇ ಬಿಸಿಯಾಗಿ ಹೋಗುತ್ತದೆ. ಇದನ್ನೆಲ್ಲ ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಕಾಕಾ ಕಾಯಿಲಿನ ಹಿತ್ತಾಳೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಮತ್ತೆ ಹಾಕಿದರು. ದನಿ ಮುಟ್ಟಿತು, ಕತ್ತಲಾಗುವ ಮೊದಲೇ ಜೀಪಿನಲ್ಲಿ ಇಂಜೆಕ್ಷನ್ ಬಂತು. ಹೆಂಗಸು ಬದುಕಿದಳು. ಅವಳ ಹೆಸರು ನನಗೆ ನೆನಪಿಲ್ಲ.

ಮುಂದೆ ನಾನು ಲೆಕ್ಚರರ್ ಆಗಿ ಮೇಣದ ಪರೀಕ್ಷೆಯನ್ನು ತರಗತಿಯಲ್ಲಿ ನನ್ನದೆಂಬಂತೆ ಹೇಳಿದೆ. ಹೇಳಿ ಹೇಳಿ, ಹನಿ ಬೀಳಿಸಿದ ಕೈಯೂ ನನ್ನದೇ ಆಯಿತು. ಕಾಕಾ ಸಿಟ್ಟಿನಿಂದ ನನ್ನ ಸ್ಕ್ರೂಗಳನ್ನು ಕಸಕ್ಕೆ ಎಸೆದರೆಂದೂ ಸೇರಿಸಿದ್ದೆ.

ಈಗ ಅವರಿಲ್ಲ. ಈ ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಅವರ ಮಗಳು ಕೊಟ್ಟಳು. ಕಾಯಿಲಿಗೆ ಹಿತ್ತಾಳೆಯೇ ಇದೆ. ಆದರೆ ಮುಚ್ಚಳದಿಂದ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡ ನಾಲ್ಕೂ ನನ್ನ ಸ್ಟೀಲಿನವು, ಒಂದು ಚುಕ್ಕೆ ತುಕ್ಕಿಲ್ಲ. ಅವರು ಎಸೆದರೆಂಬುದು ಸುಳ್ಳಾದ ಮೇಲೆ, ಹನಿ ಬೀಳಿಸಿದ ಆ ಕೈಯೂ ನನ್ನದಾಗಿ ಉಳಿಯಲಿಲ್ಲ.

ನಾಲ್ಕನ್ನೂ ಅವರು ಹಾಕಿದ ಜಾಗದಲ್ಲೇ ಮತ್ತೆ ಬಿಗಿದೆ. ನಾಳೆ ತರಗತಿಗೆ ಮೇಣದಬತ್ತಿ ಒಯ್ಯುತ್ತೇನೆ. ಮೊದಲು ಅವರ ಹೆಸರು ಹೇಳಿ, ಆಮೇಲೆ ಹಚ್ಚುತ್ತೇನೆ.