ಬಾಯಿಲ್ಲದ ದೆವ್ವ

ಗೊಂಬೆ ಕಂಪನಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಬಾಗಿಲ ಕಾವಲುಗಾರನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವಳು ಮಣ್ಣಕ್ಕ. ಉಗುರಿನ ಸಂದಿಯಲ್ಲಿ ಸದಾ ಬೂದು ಮಣ್ಣು, ಅಂಗಿಯ ತೋಳಿಗೆ ಮಣ್ಣು, ಮರೆತು ಮೂಗು ಒರೆಸಿಕೊಂಡರೆ ಮೂಗಿಗೂ ಮಣ್ಣು. ಈ ಕಂಪನಿಗೆ ಬರುವ ಮೊದಲು ಬಟ್ಟೆ ಅಂಗಡಿಗಳ ಮುಂದೆ ನಿಲ್ಲಿಸುವ ಆಳೆತ್ತರದ ಬೊಂಬೆಗಳ ಕಾರ್ಖಾನೆಯಲ್ಲಿದ್ದಳು. ಅಲ್ಲಿ ಅವಳಿಗೆ ಕೊಟ್ಟದ್ದು ಕೈಗಳ ಕೆಲಸ. ವರ್ಷಗಟ್ಟಲೆ ಕೈ, ಬರೀ ಕೈ. ಕನಸಿನಲ್ಲೂ ಮಣಿಕಟ್ಟುಗಳೇ ಬರತೊಡಗಿದಾಗ ರೋಸಿಹೋಗಿ, ಒಮ್ಮೆಯಾದರೂ ಮುಖ ಮಾಡಬೇಕು ಎಂದು ಆ ಕೆಲಸ ಬಿಟ್ಟು ಇಲ್ಲಿ ಸೇರಿದಳು.

ಇಲ್ಲಿ ಮುಖಗಳೇನೋ ಸಿಕ್ಕವು. ಆದರೆ ಯಾವ ಮುಖಕ್ಕೂ ಬಾಯಿ ಇರಲಿಲ್ಲ.

ಕಂಪನಿಯದು ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ವಿನೈಲ್ ಗೊಂಬೆಗಳ ವ್ಯಾಪಾರ. ಊರಾಚೆಯ ದೊಡ್ಡ ಮನರಂಜನಾ ಪಾರ್ಕಿನ ಹಳೆಯ ಆಟಗಳನ್ನೆಲ್ಲ ಗೊಂಬೆಗಳಾಗಿ ಮಾಡುತ್ತಿದ್ದರು. ಜೈಂಟ್ ವೀಲನ್ನೇ ಲಂಗ ಮಾಡಿಕೊಂಡ ಹುಡುಗಿ, ಹಂಸದ ದೋಣಿಯ ನಾವಿಕ, ಪುಟಾಣಿ ರೈಲಿನ ಸ್ಟೇಷನ್ ಮಾಸ್ತರ. ಮಣ್ಣಕ್ಕ ಮಣ್ಣಿನಲ್ಲಿ ಮೊದಲ ಮಾದರಿ ಮಾಡಬೇಕು. ಅದರಿಂದ ಮೇಣದ್ದು, ಮೇಣದಿಂದ ಲೋಹದ ಅಚ್ಚು, ಅಚ್ಚಿಗೆ ವಿನೈಲ್ ಹೊಯ್ದು ಬೇಯಿಸಿ, ಬಿಸಿ ಇರುವಾಗಲೇ ಇಕ್ಕಳದಿಂದ ಎಳೆದು ತೆಗೆಯುವುದು. ಗೊತ್ತಿಲ್ಲದವರಿಗೆ ಇವು ಮಕ್ಕಳ ಆಟಿಕೆ. ಆದರೆ ಕೊಳ್ಳುವವರೆಲ್ಲ ದೊಡ್ಡವರೇ. ಯಾವ ಆಟ ಯಾವ ವರ್ಷ ಮುಚ್ಚಿತು, ಯಾವ ಬಂಡಿಗೆ ಯಾವಾಗ ಬಣ್ಣ ಬದಲಾಯಿತು ಎಂದು ಬಾಯಿಪಾಠ ಒಪ್ಪಿಸುವವರು. ಡಬ್ಬಿ ಒಡೆಯುವವರೆಗೆ ಒಳಗೆ ಯಾವ ಗೊಂಬೆ ಇದೆಯೆಂದು ತಿಳಿಯುತ್ತಿರಲಿಲ್ಲ, ಅದೇ ಅವರ ಹುಚ್ಚು.

ಎಲ್ಲ ಗೊಂಬೆಗಳಿಗೂ ಒಂದೇ ಕಟ್ಟಳೆ: ತಲೆ ದೊಡ್ಡದು, ಮೈ ಚಿಕ್ಕದು, ಕಣ್ಣು ಗುಂಡಗೆ, ಬಾಯಿ ಇಲ್ಲ. "ಬಾಯಿ ಇಲ್ಲದಿದ್ರೆ ನೋಡೋರು ತಮಗೆ ಬೇಕಾದ ಭಾವನೆ ತುಂಬ್ಕೋತಾರೆ ಮಣ್ಣಕ್ಕ, ಅದೇ ನಮ್ಮ ಗುಟ್ಟು," ಎಂದು ಮ್ಯಾನೇಜರ್ ತಾನೇ ಕಂಡುಹಿಡಿದವನಂತೆ ಹೇಳುತ್ತಿದ್ದ.

ಒಂದು ದಿನ ಅವನು ಬಂದು, "ಮುಂದಿನದು ಭೂತಬಂಗಲೆ. ಕುರ್ಚೀಲಿ ಕೂತ ಆ ಮುದುಕಿ ದೆವ್ವ ಇತ್ತಲ್ಲ, ಅದೇ ಬೇಕಂತೆ ಎಲ್ಲರಿಗೂ," ಎಂದಾಗ ಮಣ್ಣಕ್ಕನಿಗೆ ಎದೆ ಧಸಕ್ಕೆಂದಿತು. ದೆವ್ವದ ಹೆದರಿಕೆಯಿಂದಲ್ಲ. ಆ ದೆವ್ವ ಅವಳ ಮನೆಯಲ್ಲೇ ಇತ್ತು.

ಅವಳ ಅತ್ತೆ ಭೂತಬಂಗಲೆ ಶುರುವಾದ ದಿನದಿಂದ ಅದನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡುವ ತನಕ ಅಲ್ಲೇ ದುಡಿದವರು. ಗುಡಿಸುವುದು, ಹರಿದ ಜೇಡರಬಲೆಗೆ ಹೊಸ ನೂಲು ಕಟ್ಟುವುದು, ಅಳುವ ಮಕ್ಕಳನ್ನು ಹಿಂಬಾಗಿಲಿಂದ ಹೊರಗೆ ಕರೆದೊಯ್ಯುವುದು ಅವರ ಕೆಲಸ. ಜನರನ್ನು ಕೂರಿಸಿಕೊಂಡು ಒಳಗೆಲ್ಲ ಸುತ್ತುವ ಬಂಡಿ ಕೊನೆಯ ತಿರುವಿಗೆ ಬಂದಾಗ ತೂಗುಕುರ್ಚಿಯಲ್ಲಿ ಕೂತ ಮುದುಕಿಯ ಯಂತ್ರ ಮುಂದಕ್ಕೆ ಬಾಗಿ ಲಾಂದ್ರ ಎತ್ತಿ ಕಿರುಚಬೇಕಿತ್ತು. ಯಂತ್ರ ಕೆಲಸ ಮಾಡಿದ್ದಕ್ಕಿಂತ ಕೆಟ್ಟು ಕೂತದ್ದೇ ಹೆಚ್ಚು. ಹೊರಗೆ ಜನ ಸಾಲುಗಟ್ಟಿದ್ದಾಗ ಬೇರೆ ದಾರಿ ಕಾಣದೆ, ಅತ್ತೆಯೇ ಅದರ ಕೂದಲು, ಶಾಲು ಹಾಕಿಕೊಂಡು ಕುರ್ಚಿಯಲ್ಲಿ ಕೂತರು. ಜೀವವಿದ್ದ ದೆವ್ವಕ್ಕೆ ಜನ ಹೆಚ್ಚು ಹೆದರುತ್ತಾರೆಂದು ಪಾರ್ಕಿನವರಿಗೆ ಗೊತ್ತಾದ ಮೇಲೆ ಆ ಯಂತ್ರವನ್ನು ಯಾರೂ ರಿಪೇರಿ ಮಾಡಿಸಲೇ ಇಲ್ಲ. ಪಾರ್ಕಿನಲ್ಲಿ ಅವರ ಹೆಸರೇ ದೆವ್ವಮ್ಮ ಎಂದಾಯಿತು.

ಈ ಸುದ್ದಿ ಅತ್ತೆಯ ಕಿವಿಗೆ ಬೀಳಬಾರದೆಂದು ಮಣ್ಣಕ್ಕ ಗಂಡನಿಗೆ ಹೇಳಿದ್ದಳು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಕೂರಿಸುವ ಆ ಮನುಷ್ಯನಿಗೆ ಸಣ್ಣ ಸಣ್ಣ ತಿರುಪುಗಳೆಲ್ಲ ನೆನಪಿರುತ್ತಿದ್ದವು, ಹೆಂಡತಿ ಹೇಳಿದ್ದು ಮಾತ್ರ ಇರುತ್ತಿರಲಿಲ್ಲ.

"ಅಮ್ಮಾ, ಇವಳ ಕಂಪನಿಯೋರು ನಿನ್ನ ಗೊಂಬೆ ಮಾಡ್ತಿದಾರಂತೆ," ಎಂದು ಊಟಕ್ಕೆ ಕೂತವನೇ ಬಾಯಿಬಿಟ್ಟ.

"ಅವರ ಗೊಂಬೆಯಲ್ಲ ರೀ, ದೆವ್ವದ ಗೊಂಬೆ," ಎಂದಳು ಮಣ್ಣಕ್ಕ, ಹಲ್ಲು ಕಚ್ಚಿಕೊಂಡು.

"ಎರಡೂ ಒಂದೇ ತಾನೆ?" ಎಂದ ಅತ್ತೆಯ ಮುಖ ಅರಳಿತ್ತು. "ಎಲ್ಲಿ, ತೋರ್ಸು ನೋಡೋಣ."

ಮಣ್ಣಕ್ಕ ಫೋನಿನಲ್ಲಿ ಮಾದರಿಯ ಚಿತ್ರ ತೋರಿಸಿದಳು. ಅತ್ತೆ ಅದನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

"ಬಾಯೆಲ್ಲೇ?"

"ನಮ್ಮ ಗೊಂಬೆಗಳಿಗೆ ಬಾಯಿ ಇರಲ್ಲ ಅತ್ತೆ."

"ಬಾಯಿಲ್ದೆ ಇರೋ ದೆವ್ವ ಕಿರುಚೋದು ಹೇಗೆ? ಕಿವೀಲೋ?"

ಅಂದಿನಿಂದ ಶುರುವಾಯಿತು. ಬೆಳಗ್ಗೆ ಎದ್ದರೆ ಬಾಯಿ, ಊಟಕ್ಕೆ ಕೂತರೆ ಬಾಯಿ, ಬಟ್ಟೆ ಒಣಹಾಕುವಾಗಲೂ ಬಾಯಿ. ಮನೆಯಲ್ಲಿ ಒಂದು ಬಾಯಿ ಮುಚ್ಚುವುದೇ ಇಲ್ಲ, ಆಫೀಸಿನಲ್ಲಿ ಒಂದು ಬಾಯಿ ತೆರೆಯುವ ಹಾಗೇ ಇಲ್ಲ, ಎರಡರ ನಡುವೆ ನನ್ನ ತಲೆ ಚಿಟ್ಟು ಹಿಡಿಯುತ್ತಿದೆ ಎಂದು ಅವಳು ಗಂಡನ ಹತ್ತಿರ ಹೇಳಿಕೊಂಡಳು. "ನನ್ನನ್ನ ಮಧ್ಯಕ್ಕೆ ಎಳೀಬೇಡಿ," ಎಂದು ಅವನು ಟಿವಿಯ ಧ್ವನಿ ಏರಿಸಿದ. ಈ ರಗಳೆಯನ್ನು ಹೊತ್ತಿಸಿದವನೇ ಅವನು!

ಆಫೀಸಿನದು ಇನ್ನೊಂದು ಕಾಟ. ಸಲಹೆಗೆಂದು ಕರೆಸಿದ್ದ ಹಳೆಯ ಸಂಗ್ರಹಕಾರರಲ್ಲಿ ಒಬ್ಬ ಶಾಲು ಕಪ್ಪು ಎಂದ. ಇನ್ನೊಬ್ಬ ಗಾಢ ಹಸಿರು ಎಂದು ಆಣೆ ಇಟ್ಟ. ಮನೆಗೆ ಬಂದು ಅತ್ತೆಯನ್ನು ಕೇಳಿದರೆ, "ಅಷ್ಟು ವರ್ಷ ಕತ್ತಲಲ್ಲಿ ಕೂತೋಳಿಗೆ ಬಣ್ಣ ಯಾರು ತೋರಿಸಿದ್ರು? ಧೂಳಿನ ವಾಸನೆ ಬೇಕಾದ್ರೆ ಹೇಳ್ತೀನಿ," ಎಂದರು. ಮ್ಯಾನೇಜರ್ ಮೊದಲ ಮಾದರಿ ನೋಡಿ, "ಸ್ವಲ್ಪ ಮುದ್ದಾಗಿರ್ಲಿ," ಎಂದ. ಮುದ್ದು ಮಾಡಿ ತಂದಳು. "ಭಯ ಕಮ್ಮಿಯಾಯ್ತಲ್ಲ," ಎಂದ. ಭಯ ತುಂಬಿ ತಂದಳು. "ನೋಡಿ, ನನಗೆ ಬೇಕಿರೋದು ಮುದ್ದಾದ ಭಯ," ಎಂದ. ಅವನ ಮೇಜಿನ ಮೇಲಿನ ನೀರಿನ ಲೋಟವನ್ನು ಅವನ ತಲೆಗೇ ಸುರಿಯಬೇಕೆನ್ನಿಸಿತು. "ಆಗ್ಲಿ ಸಾರ್," ಎಂದು ಹೇಳಿ ಬಂದಳು.

ಅಚ್ಚಿನವರಿಗೆ ಕೊಡಬೇಕಾದ ದಿನ ಹತ್ತಿರ ಬಂತು. ಶನಿವಾರ ಮಧ್ಯಾಹ್ನ ಮಾದರಿಯನ್ನು ಡಬ್ಬಿಯಲ್ಲಿಟ್ಟುಕೊಂಡು ಮನೆಗೇ ತಂದಳು. ಕಿಟಕಿಯ ಪಕ್ಕದ ಮೇಜಿನ ಮುಂದೆ ಕೂತು ಶಾಲಿನ ಅಂಚನ್ನೆಲ್ಲ ಕೊರೆದು ಮುಗಿಸಿದಳು. ಅಂತೂ ಒಂದು ಘಟ್ಟಕ್ಕೆ ಬಂತು ಎಂದುಕೊಂಡು ಸ್ನಾನಕ್ಕೆ ಹೋದಳು. ತಿರುಗಿ ಬರುವಾಗ ಅತ್ತೆ ಮೇಜಿನ ಪಕ್ಕ ಹೆಬ್ಬೆರಳು ಒರೆಸಿಕೊಳ್ಳುತ್ತ ನಿಂತಿದ್ದರು. ದೆವ್ವದ ನುಣುಪಾದ ಮುಖದ ನಟ್ಟನಡುವೆ ಆಳವಾದ ಒಂದು ಕುಳಿ.

"ಈಗ ಸರಿಹೋಯ್ತು," ಎಂದರು ಅತ್ತೆ.

ಮಣ್ಣಕ್ಕನ ಸಹನೆಯ ಕಟ್ಟೆಯೊಡೆಯಿತು. ಮದುವೆಯಾಗಿ ಬಂದಾಗಿನಿಂದ ನುಂಗಿಕೊಂಡದ್ದೆಲ್ಲ ಹೊರಬಂತು. "ನಿಮಗೆ ಎಲ್ಲದ್ರಲ್ಲೂ ಮೂಗು ತೂರಿಸ್ಬೇಕು ಅಲ್ವಾ? ನಾನು ಪರದೆ ಕಟ್ಟಿದ್ರೆ ಗಂಟು ಸರಿಯಿಲ್ಲ, ನಾನು ಗೊಂಬೆ ಮಾಡಿದ್ರೆ ಮುಖ ಸರಿಯಿಲ್ಲ! ಅಷ್ಟು ವರ್ಷ ಅಲ್ಲಿ ಕೂತು ಊರವರ ಮುಂದೆ ಕಿರುಚಿದ್ದು ಸಾಲ್ದಾ? ಆ ಬಾಯಿ ಗೊಂಬೆಗೂ ಬೇಕಾ?"

ಅತ್ತೆ ಕುರ್ಚಿ ಎಳೆದುಕೊಂಡು ಕೂತರು.

"ನಾನೆಲ್ಲಿ ಕಿರುಚಿದ್ದೆ?" ಎಂದರು. "ಕಿರುಚ್ತಿದ್ದಿದ್ದು ಟೇಪು. ಯಾರೋ ನಾಟಕದವಳ ಗಂಟಲು. ಒಳಗಿರೋದು ಮನುಷ್ಯಳು ಅಂತ ಗೊತ್ತಾಗಬಾರದು, ತುಟಿ ಪಿಟಕ್ಕನ್ನಬೇಡ ಅಂದಿದ್ರು. ಕೆಮ್ಮು ಬಂದ್ರೆ ಶಾಲು ಕಚ್ಕೋತಿದ್ದೆ. ಒಂದ್ಸಲ ಸೀನಿದ್ದಕ್ಕೆ ಮೇಲಿನೋರು ಕರೆದು ಬೈದ್ರು. ಒಬ್ಬ ಕುಡುಕ ಬಂಡಿಯಿಂದ ಕೈ ಚಾಚಿ ನನ್ನ ಕೂದಲು ಎಳೆದ; ಆಗಲೂ ಬಾಯಿ ಬಿಡಲಿಲ್ಲ."

"ಮತ್ತೆ ಇಷ್ಟು ದಿನ ಇದನ್ನ ಯಾಕೆ ಹೇಳಲಿಲ್ಲ?" ಎಂದಳು ಮಣ್ಣಕ್ಕ.

"ನೀನೆಲ್ಲಿ ಕೇಳಿದೆ? ಶಾಲಿನ ಬಣ್ಣ ಕೇಳಿದೆ, ಲಾಂದ್ರ ಯಾವ ಕೈಲಿತ್ತು ಅಂತ ಕೇಳಿದೆ." ಅತ್ತೆ ಎದ್ದರು. "ನಾನು ಮುಚ್ಕೊಂಡಿದ್ದು ಸಾಕು, ಅದಾದ್ರೂ ಬಾಯಿ ಬಿಡ್ಲಿ ಅಂತ ಅನ್ನಿಸ್ತು. ಅಷ್ಟೇ. ಕೆಡಿಸಿದ್ದು ತಪ್ಪೇ. ಮುಚ್ಚಿಬಿಡು."

ಅತ್ತೆ ತಪ್ಪೊಪ್ಪಿಕೊಂಡದ್ದನ್ನು ಮಣ್ಣಕ್ಕ ಈ ಮೊದಲು ಕಂಡಿರಲಿಲ್ಲ. ಅದರಿಂದ ಅವಳಿಗೆ ಸಮಾಧಾನವಾಗುವ ಬದಲು ಮತ್ತಷ್ಟು ಸಿಟ್ಟೇ ಬಂತು. ಈ ಮಾತಿನ ನಂತರ ಆ ಕುಳಿಯನ್ನು ಯಾವ ಮನಸ್ಸಿನಿಂದ ಮುಚ್ಚುವುದು? ಮಣ್ಣಿನ ಉಂಡೆ ಕೈಗೆತ್ತಿಕೊಂಡಳು. ಆಮೇಲೆ ಉಂಡೆಯನ್ನು ಡಬ್ಬಿಗೆ ಎಸೆದು, ಇದ್ದ ಕುಳಿಗೇ ತೆಳ್ಳಗೆ ತುಟಿ ಕೂರಿಸಿ, ಒಳಗೆ ಪುಟ್ಟ ಹಲ್ಲುಗಳ ಸಾಲು ಕೊರೆದಳು. ಮರುದಿನ ಕೂತು ಬಾಯಿಲ್ಲದ ಇನ್ನೊಂದು ತಲೆಯನ್ನು ಬೇರೆಯಾಗಿ ಮಾಡಿದಳು.

ಸೋಮವಾರ ಎರಡನ್ನೂ ಮ್ಯಾನೇಜರ್‌ನ ಮುಂದಿಟ್ಟಳು. ಅವನು ಬಾಯಿಯದ್ದನ್ನು ನೋಡಿ ಹಾವು ಕಂಡವನಂತೆ ಹಿಂದಕ್ಕೆ ಸರಿದ.

"ಏನ್ರೀ ಇದು? ಕಟ್ಟಳೆ ಗೊತ್ತಿಲ್ವಾ?"

"ಗೊತ್ತು ಸಾರ್. ಎಲ್ಲಾ ಡಬ್ಬೀಲೂ ಬಾಯಿಲ್ಲದ್ದೇ ಇರ್ಲಿ. ಎಲ್ಲೋ ಒಂದೊಂದು ಡಬ್ಬೀಲಿ ಇದು ಸಿಗ್ಲಿ. ಸಂಗ್ರಹ ಮಾಡೋರು ಇದಕ್ಕೋಸ್ಕರ ಬಡಿದಾಡ್ತಾರೆ, ನೋಡ್ತಿರಿ."

ಮ್ಯಾನೇಜರ್ ಹಣೆ ಗಂಟಿಕ್ಕಿದ. ಎದ್ದು ಕಿಟಕಿಯ ತನಕ ಹೋಗಿ ಬಂದ. "ನನಗೊಂದು ಯೋಚನೆ ಬಂತು ಮಣ್ಣಕ್ಕ," ಎಂದ. "ಈ ಬಾಯಿಯದ್ದನ್ನ ಅಪರೂಪದ ಪೀಸ್ ಅಂತ ಮಾಡಿದ್ರೆ ಹೇಗೆ?"

ಅವಳು ಅವನನ್ನೇ ನೋಡಿದಳು. "ಒಳ್ಳೇ ಯೋಚನೆ ಸಾರ್," ಎಂದಳು.

ಅಲ್ಲಿಗೂ ಮುಗಿಯಲಿಲ್ಲ. ಅಚ್ಚಿನಿಂದ ಎಳೆಯುವಾಗ ಬಾಯಿಯ ಆಳಕ್ಕೆ ವಿನೈಲ್ ಸಿಕ್ಕಿಕೊಂಡು ದೆವ್ವದ ದವಡೆಯೇ ಕಿತ್ತು ಬರುತ್ತಿತ್ತು. ಅಚ್ಚಿನ ಮೇಸ್ತ್ರಿ ಹರಿದ ತಲೆಗಳನ್ನು ಬುಟ್ಟಿ ತುಂಬ ತಂದು ಅವಳ ಮೇಜಿನ ಮೇಲೆ ಸುರಿದು, "ನಿಮ್ಮ ದೆವ್ವ ನಮ್ಮ ಪ್ರಾಣ ತೆಗೀತಿದೆ," ಎಂದು ಕೂಗಾಡಿ ಹೋದ. ಕುಳಿಯ ಆಳವನ್ನು ತುಸು ತುಂಬಿ, ಅಂಚು ನೇವರಿಸಿ, ಮತ್ತೆ ಮೇಣ, ಮತ್ತೆ ಅಚ್ಚು. ಅತ್ತೆಯ ಹೆಬ್ಬೆರಳಿನ ಆಕಾರವನ್ನು ಮಾತ್ರ ಅವಳು ಬಿಟ್ಟುಕೊಡಲಿಲ್ಲ.

ಗೊಂಬೆಗಳು ಮಾರುಕಟ್ಟೆಗೆ ಬಂದವು. ಕಂಪನಿ ಅವಳಿಗೆಂದು ಕೊಟ್ಟ ಡಬ್ಬಿಗಳನ್ನು ಅತ್ತೆ ಒಂದೊಂದಾಗಿ ಒಡೆದರು. ಎಲ್ಲದರಲ್ಲೂ ಬಾಯಿಲ್ಲದ ದೆವ್ವ. ಅಂಗಡಿಯಿಂದ ತಂದದ್ದರಲ್ಲೂ ಅದೇ. ಮ್ಯಾನೇಜರ್‌ನ ಗಾಜಿನ ಕಪಾಟಿನಲ್ಲಿ ಒಂದು ಬಾಯಿಯದ್ದಿತ್ತು. ಕೇಳಿದರೆ, "ಅದು ಕಂಪನಿ ಆಸ್ತಿ ಮಣ್ಣಕ್ಕ," ಎಂದ. ಮನೆಯ ಕಪಾಟಿನ ತುಂಬ ಬಾಯಿ ಮುಚ್ಚಿಕೊಂಡ ದೆವ್ವಗಳು ಸಾಲಾಗಿ ಕೂತವು. ಅತ್ತೆ ಅವುಗಳ ಮುಂದೆ ಮುಖ ಊದಿಸಿಕೊಂಡು ಓಡಾಡಿದರು. "ಮಾಡಿದೀನಿ ಅಂತ ಸುಳ್ಳು ಹೇಳಿದ್ಯೇನೋ," ಎಂದು ಒಂದು ದಿನ ಗೊಣಗಿದ್ದೂ ಆಯಿತು. ಮಣ್ಣಕ್ಕ ಕೈಯಲ್ಲಿದ್ದ ಪಾತ್ರೆಯನ್ನು ಸಪ್ಪಳವಾಗುವಂತೆ ಕುಕ್ಕಿ ಹೊರಗೆ ನಡೆದಳು.

ಅದಾಗಿ ಕೆಲವು ವಾರಕ್ಕೆ ಪಾರ್ಕಿನ ಸಭಾಂಗಣದಲ್ಲಿ ಸಂಗ್ರಹಕಾರರೆಲ್ಲ ಸೇರಿದರು. ದೆವ್ವಮ್ಮ ಇನ್ನೂ ಇದ್ದಾರೆಂದು ಯಾರಿಂದಲೋ ತಿಳಿದು ಅತ್ತೆಗೆ ಕರೆ ಬಂತು. ಅತ್ತೆಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ದಪ್ಪ ಚೀಲ ಹೊತ್ತಿದ್ದ ಶಾಲಾ ಶಿಕ್ಷಕಿಯೊಬ್ಬಳು ಹತ್ತಿ ಸುತ್ತಿದ ಡಬ್ಬಿಯಿಂದ ಬಾಯಿಯಿರುವ ದೆವ್ವವನ್ನು ತೆಗೆದು ಅವರ ಅಂಗೈಯಲ್ಲಿಟ್ಟಳು. ಅತ್ತೆ ಅದರ ಬಾಯಿಯ ಮೇಲೆ ಹೆಬ್ಬೆರಳು ಆಡಿಸಿದರು. ಸೊಸೆಯ ಕಡೆ ನೋಡಿದರು. ಏನಾದರೂ ಒಳ್ಳೆಯ ಮಾತು ಬರುತ್ತದೆಂದು ಮಣ್ಣಕ್ಕ ಕಾದಳು.

"ಹಲ್ಲು ಜಾಸ್ತಿಯಾಯ್ತು," ಎಂದರು ಅತ್ತೆ. "ಆಗ್ಲೇ ನನಗೆ ಮುಂದಿನದೆರಡು ಬಿದ್ದಿತ್ತು."

ಮಣ್ಣಕ್ಕ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಅಷ್ಟರಲ್ಲಿ ಹಿಂದಿನಿಂದ ಯಾರೋ ಎದ್ದು, "ಅಮ್ಮಾ, ಆ ಕಿರುಚಾಟ ಹೇಗಿರ್ತಿತ್ತು? ಒಂದ್ಸಲ ಕೇಳಿಸ್ತೀರಾ?" ಎಂದ.

"ಬೇಡ ಅತ್ತೆ," ಎಂದಳು ಮಣ್ಣಕ್ಕ. ಅತ್ತೆ ಆಗಲೇ ಎದ್ದು ನಿಂತಿದ್ದರು. ಗೊಂಬೆಯನ್ನು ಸೊಸೆಯ ಕೈಗಿತ್ತರು, ಇಲ್ಲದ ಲಾಂದ್ರವೊಂದನ್ನು ಎಡಗೈಯಲ್ಲಿ ಎತ್ತಿದರು, ಬಾಯಿ ತೆರೆದರು.

ಅಂಥ ಕೂಗನ್ನು ಮಣ್ಣಕ್ಕ ಜನ್ಮದಲ್ಲಿ ಕೇಳಿರಲಿಲ್ಲ. ಅದು ಸಭಾಂಗಣದ ಗೋಡೆಗಳಿಗೆ ಬಡಿದು ಮತ್ತೆ ಮತ್ತೆ ತಿರುಗಿ ಬಂತು. ಹಿಂದೆಲ್ಲೋ ಮಗುವೊಂದು ಚಿಟ್ಟನೆ ಚೀರಿತು, ಯಾರದೋ ಗೊಂಬೆಗಳ ತಟ್ಟೆ ಮಗುಚಿತು, ಹೊರಗಿದ್ದ ಕಾವಲುಗಾರರು ಬಾಗಿಲು ದೂಡಿಕೊಂಡು ಒಳನುಗ್ಗಿದರು. ಮಣ್ಣಕ್ಕನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಅತ್ತೆ ನಿಲ್ಲಿಸಲಿಲ್ಲ, ಉಸಿರು ಎಳೆದುಕೊಂಡು ಇನ್ನೊಮ್ಮೆ ಕೂಗಿದರು. ಆ ಎರಡನೆಯ ಕೂಗು ಮುಗಿದಾಗ ಶಿಕ್ಷಕಿ ಚಪ್ಪಾಳೆ ತಟ್ಟಿದಳು, ಅವಳ ಹಿಂದೆ ಎಲ್ಲರೂ.

ಕಂಪನಿಯ ಪರವಾಗಿ ಬಂದಿದ್ದ ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತ, "ಇವರನ್ನ ಮನೆಗೆ ಕರ್ಕೊಂಡು ಹೋಗಿ ಮಣ್ಣಕ್ಕ, ದಯವಿಟ್ಟು," ಎಂದು ಪಿಸುಗುಟ್ಟಿದ.

ಬಸ್ಸಿನಲ್ಲಿ ಬರುವಷ್ಟರಲ್ಲಿ ಅತ್ತೆಯ ಗಂಟಲು ಪೂರ್ತಿ ಕಟ್ಟಿತು. ಮಾತನಾಡಕೂಡದು, ಬಿಸಿನೀರು ಕುಡಿಸಿ ಎಂದರು ಡಾಕ್ಟರು. ಈ ಮನೆಗೆ ಕಾಲಿಟ್ಟ ಮೇಲೆ ಮೊದಲ ಬಾರಿಗೆ ಮಣ್ಣಕ್ಕ ಸದ್ದಿಲ್ಲದೆ ಅಡುಗೆ ಮಾಡಿದಳು, ಸದ್ದಿಲ್ಲದೆ ಪರದೆ ಕಟ್ಟಿದಳು. ಹಾಯೆನಿಸಿತು. ಮೂರನೆಯ ದಿನ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಲೆಯ ಮೇಲಿನ ಪಾತ್ರೆಯನ್ನೂ ಉಪ್ಪಿನ ಡಬ್ಬಿಯನ್ನೂ ತೋರಿಸಿ, ಎರಡು ಬೆರಳು ಚಿವುಟಿ ಕೈ ಅಲ್ಲಾಡಿಸಿದರು.

"ಉಪ್ಪು ಹಾಕಿದೀನಿ!" ಎಂದು ಮಣ್ಣಕ್ಕ ಅರಚಿದಳು.

ಅತ್ತೆ ಭುಜ ಕುಣಿಸುತ್ತ ಸದ್ದಿಲ್ಲದೆ ನಕ್ಕರು. ಮಣ್ಣಕ್ಕ ಸೌಟಿನಿಂದ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿದಳು. ನಿಜಕ್ಕೂ ಉಪ್ಪು ಸಾಲದು. ಬೆನ್ನು ತಿರುಗಿಸಿ ನಿಂತು, ಕಾಣದ ಹಾಗೆ ಒಂದು ಚಿಟಿಕೆ ಹಾಕಿದಳು.