ಅತ್ತೆ ತಂದ ಸೇಬು

ಉಪ್ಪು ಖಾರ ಹಚ್ಚಿದ ಸೀಬೆಹಣ್ಣಿನ ವಾಸನೆ ಬಂದರೆ ಬೆಂಗಳೂರಿನ ಮರ್ಫಿ ಟೌನಿನ ನಮ್ಮ ಹಿತ್ತಲಿನ ಒಂದು ಭಾನುವಾರ ನೆನಪಾಗುತ್ತದೆ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಅಮ್ಮ ಮತ್ತು ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಪಕ್ಕಪಕ್ಕ ಕೂತು ಒಂದೇ ಹಣ್ಣನ್ನು ಹೋಳು ಮಾಡಿಕೊಂಡು ತಿಂದರು. ಬೀಜ ಹಲ್ಲಿಗೆ ಸಿಕ್ಕಿತೆಂದು ಅತ್ತೆ ಹಿತ್ತಲಿನ ಸೀಬೆ ಮರವನ್ನು ಬೈದಳು, ಅಮ್ಮ ನಕ್ಕಳು. ಅವರಿಬ್ಬರೂ ಜೊತೆಗೆ ಕೂತು ತಿಂದದ್ದನ್ನು ನಾನು ನೋಡಿದ್ದು ಅದೇ ಕೊನೆ.

ಅದೇ ವಾರ ಮೂರು ವರ್ಷದ ತಂಗಿ ಕಮಲಳಿಗೆ ಜ್ವರ ಬಂತು. ಜ್ವರ ಇಳಿದರೂ ಮಗು ಚೇತರಿಸಿಕೊಳ್ಳಲಿಲ್ಲ. ಒಸಡಿನಲ್ಲಿ ರಕ್ತ ಜಿನುಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದ ಅತ್ತೆ ಕುಕ್ ಟೌನಿನ ಬಿಳಿಯರ ಬಂಗಲೆಯೊಂದರಲ್ಲಿ ಆಯಾ ಆಗಿದ್ದಳು. ಎರಡು ಮೂರು ದಿನಕ್ಕೊಮ್ಮೆ ಕಾಗದದಲ್ಲಿ ಸುತ್ತಿದ ಸೇಬು ತಂದು, ಬೇಯಿಸಿ ಹಿಸುಕಿ ಮಗುವಿಗೆ ತಿನ್ನಿಸುತ್ತಿದ್ದಳು. ಹಿತ್ತಲಿನ ಸೀಬೆ ಶೀತ, ಎದೆಯಲ್ಲಿ ಕಫ ಕಟ್ಟುತ್ತದೆ ಎಂಬುದು ಅವಳ ವಾದ. ಬಿಳಿಯರ ಮಕ್ಕಳ ಕೆನ್ನೆ ಕೆಂಪಗಿರುವುದು ಸೇಬಿನಿಂದಲೇ ಎನ್ನುವಳು. ತನ್ನ ಮಗುವಿಗೆ ಏನು ತಿನ್ನಿಸಬೇಕೆಂದು ಹೇಳಲು ಇವಳ್ಯಾರು ಎಂದು ಅಮ್ಮ ಪಾತ್ರೆ ಕುಕ್ಕುವಳು. ಅತ್ತೆ ಕೆಲಸಕ್ಕೆ ಹೋದೊಡನೆ ಸೀಬೆಯನ್ನು ಕಿವುಚಿ, ಬಟ್ಟೆಯಲ್ಲಿ ಸೋಸಿ, ಬೀಜ ತೆಗೆದು ಕಮಲಳ ಬಾಯಿಗಿಡುವಳು. ಅಪ್ಪ ಯಾರ ಪರವಾಗಿಯೂ ಬಾಯಿ ಬಿಡಲಿಲ್ಲ.

ಕೊನೆಗೆ ಹಠಕ್ಕೆ ಬಿದ್ದು ಇಬ್ಬರೂ ಮಗುವನ್ನು ಆಸ್ಪತ್ರೆಗೆ ಒಯ್ದರು. ನರ್ಸಮ್ಮ ಒಸಡು ಒತ್ತಿ ನೋಡಿದಳು. ಸೇಬು ಹೊಟ್ಟೆಗೆ ಹಗುರ, ಕೊಟ್ಟರೆ ತಪ್ಪಿಲ್ಲ, ಆದರೆ ಈ ಒಸಡಿಗೆ ಬೇಕಾದ ಸತ್ವ ಅದರಲ್ಲಿ ಕಡಿಮೆ, ಸೀಬೆಯಲ್ಲಿ ಎಷ್ಟೋ ಪಾಲು ಹೆಚ್ಚು ಎಂದಳು.

ಗೆದ್ದ ಅಮ್ಮ ಅಲ್ಲಿಗೇ ಬಿಡಬಹುದಿತ್ತು. ಮಾರನೆಯ ಸಂಜೆ ಅತ್ತೆ ಎಂದಿನಂತೆ ಕಾಗದ ಬಿಚ್ಚಿದಾಗ ಅಮ್ಮ ಒಲೆಯ ಮುಂದಿನಿಂದ ತಿರುಗದೆಯೇ ಹೇಳಿದಳು.

“ಬಂಗಲೆ ಎಂಜಲು ನನ್ನ ಮಗೀಗೆ ಇನ್ಮೇಲೆ ಬೇಡ ಅಕ್ಕ. ಒಂದು ಹೆತ್ತಿದ್ರೆ ನಿಮಗೂ ಗೊತ್ತಾಗಿರೋದು.”

“ಎಂಜಲಲ್ಲ ಕಣೇ,” ಎಂದಳು ಅತ್ತೆ.

ಅದು ಎಂಜಲಲ್ಲವೆಂದು ನನಗೆ ಗೊತ್ತಿತ್ತು. ಒಮ್ಮೆ ಅವಳ ಜೊತೆ ಬಂಗಲೆಗೆ ಹೋಗಿದ್ದೆ. ಮಧ್ಯಾಹ್ನ ದೊರೆಸಾನಿ ಅವಳ ಊಟಕ್ಕೆಂದು ಬ್ರೆಡ್ಡು, ಸೇಬು ಕೊಟ್ಟಳು. ಅತ್ತೆ ಒಣ ಬ್ರೆಡ್ಡನ್ನು ನೀರಿನ ಜೊತೆ ನುಂಗಿ, ಹಣ್ಣನ್ನು ಸೆರಗಿಗೆ ಕಟ್ಟಿಕೊಂಡಳು. ನಾನು ಒಂಬತ್ತು ವರ್ಷದವಳು, ಹೇಳಬಹುದಿತ್ತು. ಅಮ್ಮ ಹೊಡೆದಾಳೆಂದು ಸುಮ್ಮನೆ ನಿಂತೆ.

ಬೆಳಿಗ್ಗೆ ಅತ್ತೆ ತನ್ನ ಟ್ರಂಕು ಎತ್ತಿಕೊಂಡು ಬಂಗಲೆಯ ಔಟ್‌ಹೌಸಿಗೆ ಹೋದಳು. ಅಪ್ಪ ತಡೆಯಲಿಲ್ಲ. ಕೆಲವು ವಾರಗಳಲ್ಲಿ ಕಮಲಳ ಒಸಡು ಮಾಯಿತು. ಅಮ್ಮ ಅದನ್ನು ಬೀದಿಗೆಲ್ಲ ಹೇಳಿಕೊಂಡು ಬಂದಳು. ಆ ಗೆಲುವಿನ ದನಿಯನ್ನು ನಾನು ಇವತ್ತಿಗೂ ಸಹಿಸಲಾರೆ. ಯುದ್ಧ ಮುಗಿದು ಬಂಗಲೆಯವರು ತಮ್ಮ ದೇಶಕ್ಕೆ ಹೊರಟ ಸುದ್ದಿ ಕೇಳಿ ಅಪ್ಪ ಹುಡುಕಿಕೊಂಡು ಹೋದಾಗ ಗೇಟಿಗೆ ಬೀಗ ಬಿದ್ದಿತ್ತು. ಆಯಾ ಎಲ್ಲಿಗೆ ಹೋದಳೆಂದು ಮಾಲಿಗೂ ಗೊತ್ತಿರಲಿಲ್ಲ.

ಹೀಗೆ ಒಂದು ಮಾತಿಗೆ ಎದ್ದುಹೋದವರು ನಿಮ್ಮ ಮನೆಯಲ್ಲೂ ಇದ್ದಿರಬಹುದು. ಕಮಲಳಿಗೆ ಅತ್ತೆಯ ಮುಖ ನೆನಪಿಲ್ಲ. ತೋರಿಸೋಣವೆಂದರೆ ನಮ್ಮಲ್ಲಿ ಅವಳದೊಂದು ಫೋಟೋವೂ ಇಲ್ಲ.